ಚೂರು ಸೊಪ್ಪಿನ ಸಿಗಾರಿಗೆ ಯೊಕಾಸ್ತ ಹೇಳಿದ ತೀರ್ಪು

ನಮ್ಮ ತಂಬೊರಿಲ್ ಊರಿನಲ್ಲಿ ಸಿಗಾರ್ ಸುತ್ತಲು ಬಾರದವರು ಕಡಿಮೆ. ಸಿಗಾರಿನ ಬಗ್ಗೆ ಬಾಯಿಗೆ ಬಂದದ್ದು ಹೇಳದವರು ಇನ್ನೂ ಕಡಿಮೆ. ಆದರೆ ಒಂದು ಸಿಗಾರನ್ನು ಕೈಗೆತ್ತಿಕೊಂಡು, ಇದರ ಯೋಗ್ಯತೆ ಇಷ್ಟು, ಇದು ಹದವಾಗಲು ಇನ್ನು ಇಷ್ಟು ದಿನ ಮಲಗಬೇಕು ಎಂದು ಸುಳ್ಳಿಲ್ಲದೆ ಹೇಳಬಲ್ಲವಳು ನಾನು ಕಂಡಂತೆ ಒಬ್ಬಳೇ. ಅವಳು ಯೊಕಾಸ್ತ ತಾವೆರಾಸ್. ಅವಳ ಬಾಯಿಂದ ಯಾರ ಬಗ್ಗೆಯಾದರೂ ಒಂದು ಒಳ್ಳೆಯ ಮಾತು ಬಿದ್ದದ್ದನ್ನು ನಾನು ಮೂವತ್ತು ವರ್ಷದಲ್ಲಿ ಮೂರು ಸಲ ಕೇಳಿರಬಹುದು. ಅದರಲ್ಲಿ ಎರಡು ಸಲ ಅವಳು ಹೊಗಳಿದ್ದು ತನ್ನ ಅಪ್ಪನ ಹೇಸರಗತ್ತೆಯನ್ನು.

ಅವಳು ನಮ್ಮ ಯಜಮಾನರಾದ ದೋನ್ ಫೌಸ್ತೊ ಅವರ ಸಿಗಾರ್ ಕಾರ್ಖಾನೆಯಲ್ಲಿ ಎಲೆ ವಿಂಗಡಿಸುವ ಕೆಲಸದವಳು. ನಾನು, ಎಲಿಹಿಯೊ, ಅದೇ ಕಾರ್ಖಾನೆಯಲ್ಲಿ ಸುತ್ತುವವನು. ನನ್ನ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟಾಗ ಮಗುವನ್ನು ಎತ್ತಿ ಹಿಡಿದವಳು ಅವಳೇ. ಹಾಗಾಗಿ ಅವಳಿಗೆ ನಾನು ಕೊಂಪಾದ್ರೆ, ನನಗೆ ಅವಳು ಕೊಮಾದ್ರೆ. ಈ ನೆಂಟಸ್ತಿಕೆಯಿಂದ ನನಗೆ ಸಿಕ್ಕ ಲಾಭವೆಂದರೆ, ಬೇರೆಯವರನ್ನು ಬೆನ್ನ ಹಿಂದೆ ಬೈಯುವವಳು ನನ್ನನ್ನು ಮುಖಕ್ಕೇ ಬೈಯುತ್ತಿದ್ದಳು.

ದಿನಾ ಮಧ್ಯಾಹ್ನ ಅನ್ನ, ಹುರುಳಿಕಾಯಿ ಸಾರು ಉಂಡ ಮೇಲೆ ಅವಳು ಕಾರ್ಖಾನೆಯ ಬಾಗಿಲಲ್ಲಿ ಮಗುಚಿದ ಡಬ್ಬದ ಮೇಲೆ ಕೂತು ಒಂದು ಸಿಗಾರ್ ಸೇದುತ್ತಿದ್ದಳು. ಅದನ್ನು ನೋಡಬೇಕಿತ್ತು. ಮೊದಲು ತಲೆಯಿಂದ ಬುಡದವರೆಗೆ ಎರಡು ಬೆರಳಲ್ಲಿ ಒತ್ತಿಕೊಂಡು ಹೋಗುವಳು, ಕೋಳಿ ಕೊಳ್ಳುವವರು ಎದೆ ಮುಟ್ಟಿ ನೋಡುವ ಹಾಗೆ. ಬುಡವನ್ನು ಮೂಗಿಗೆ ಹಿಡಿಯುವಳು. ಹೆಬ್ಬೆರಳ ಉಗುರಲ್ಲಿ ತಲೆ ಚಿವುಟಿ, ಹಚ್ಚದೆಯೇ ಒಂದು ಸಲ ಎಳೆಯುವಳು. ಕಡ್ಡಿ ಗೀರಿ, ಗಂಧಕದ ವಾಸನೆ ಸುಟ್ಟು ಹೋಗುವ ತನಕ ಕಾಯುವಳು. ಮೊದಲ ದಮ್ಮನ್ನು ಉಗುಳಿಬಿಡುವಳು. ಆಮೇಲೆ ಹೊಗೆಯನ್ನು ಬಾಯಲ್ಲಿ ನಿಲ್ಲಿಸಿ, ಸ್ವಲ್ಪವನ್ನು ಮೂಗಿನಿಂದ ಬಿಟ್ಟು, ನೀರು ಕುಡಿದು, ಮರಗೆಣಸಿನ ಒಣರೊಟ್ಟಿಯ ಚೂರು ಅಗಿಯುವಳು. ಅರ್ಧ ಮುಗಿಯುವವರೆಗೆ ಮಾತಿಲ್ಲ. ಅರ್ಧಕ್ಕೆ ಬಂದಾಗ ಒಂದು ವಾಕ್ಯ. ಬಹಳ ಸಲ ಅರ್ಧಕ್ಕೂ ಬರುತ್ತಿರಲಿಲ್ಲ. ನಾಲ್ಕು ದಮ್ಮಿಗೇ ಸಿಗಾರನ್ನು ಪಕ್ಕದ ಕಲ್ಲಿನ ಮೇಲಿಟ್ಟು ಎದ್ದುಬಿಡುವಳು. ಕಲ್ಲಿನ ಮೇಲೆ ಉಳಿದದ್ದು ಯಾರು ಸುತ್ತಿದ್ದೆಂದು ನಮಗೆಲ್ಲ ಗೊತ್ತಾಗುತ್ತಿತ್ತು. ಅವನು ಅವತ್ತು ಸಂಜೆವರೆಗೆ ತಲೆ ಎತ್ತುತ್ತಿರಲಿಲ್ಲ.

ಅವಳ ಕೆಲಸ ಎಲೆ ವಿಂಗಡಿಸುವುದು ಮಾತ್ರ. ರುಚಿ ನೋಡಿ ಎಂದು ಯಾರೂ ಅವಳನ್ನು ಕರೆದಿರಲಿಲ್ಲ, ಅದಕ್ಕೆ ಒಂದು ಬಿಡಿಗಾಸೂ ಕೊಡುತ್ತಿರಲಿಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ದೋನ್ ಫೌಸ್ತೊ ಅವರ ಅಪ್ಪ ಬದುಕಿದ್ದಾಗ ಆ ಮುದುಕರು ಬಾಗಿಲಿಗೆ ಬಂದು ಕಲ್ಲಿನ ಕಡೆ ಒಂದು ಕಣ್ಣು ಹಾಯಿಸಿ ಒಳಗೆ ಹೋಗುತ್ತಿದ್ದರು. ಅಷ್ಟೇ ಸಾಕಿತ್ತು. ಅವರು ಹೋದ ಮೇಲೆ ಆ ಕಣ್ಣೂ ಹೋಯಿತು.

ಆಮೇಲೆ ಬಂತು ಸಿಗಾರಿನ ಹುಚ್ಚು. ತೊಂಬತ್ತರ ದಶಕದ ನಡುವೆ ಅಮೆರಿಕದವರಿಗೆ ಇದ್ದಕ್ಕಿದ್ದಂತೆ ಸಿಗಾರ್ ಬೇಕೆನಿಸಿತು. ಏನು ಕೊಟ್ಟರೂ ತೆಗೆದುಕೊಳ್ಳುತ್ತಿದ್ದರು. ನಮ್ಮ ಬೀದಿಯ ಕ್ಷೌರಿಕ ಕುರ್ಚಿ ಎತ್ತಿಟ್ಟು ಕಾರ್ಖಾನೆ ತೆರೆದ. ಹಲ್ಲಿನ ಡಾಕ್ಟರ ಹೆಂಡತಿ ತೆರೆದಳು. ಶವಪೆಟ್ಟಿಗೆ ಮಾಡುತ್ತಿದ್ದವನು ಅದೇ ಹಲಗೆಯಲ್ಲಿ ಸಿಗಾರಿನ ಪೆಟ್ಟಿಗೆ ಮಾಡಿ, ಒಳಗೆ ಹಾಕಲು ಸಿಗಾರನ್ನೂ ತಾನೇ ಮಾಡಿದ. ನಿನ್ನೆ ಬಾಳೆಕಾಯಿ ಮಾರುತ್ತಿದ್ದವರು ಇವತ್ತು ಸುತ್ತುವವರು. ಹಸಿರು ಹೋಗದ ಸೊಪ್ಪು, ಘಾಟು ಆರದ ಸೊಪ್ಪು, ಎಲ್ಲಕ್ಕೂ ಚಿನ್ನದ ಬಣ್ಣದ ಕಾಗದದ ಉಂಗುರ. ಪ್ರತಿ ಉಂಗುರದ ಮೇಲೂ ಒಬ್ಬ ಮೀಸೆಯ ಮುತ್ತಜ್ಜ. ಅಷ್ಟು ಮುತ್ತಜ್ಜಂದಿರು ನಮ್ಮೂರಲ್ಲಿ ಬದುಕಿದ್ದರೆ ಕೂರಲು ಜಾಗವಿರುತ್ತಿರಲಿಲ್ಲ.

ದೋನ್ ಫೌಸ್ತೊ ಹಿಂದೆ ಬೀಳಲಿಲ್ಲ. ಸಾಂತಿಯಾಗೊ ಪಟ್ಟಣದಲ್ಲಿ ಅಂಗಿ ಮಾರುತ್ತಿದ್ದ ತಮ್ಮ ಬಾಮೈದ ರಾದಾಮೆಸ್‌ನನ್ನು ಕರೆತಂದು, "ಇನ್ನು ಮೇಲೆ ನಮ್ಮ ರುಚಿಗಾರ ಇವನೇ" ಎಂದರು. ನೀಟಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಬಾಯಿ ತುಂಬ ಸುಗಂಧದ ಮಿಠಾಯಿ. ಸಿಗಾರಿನ ರುಚಿ ನೋಡುವವನು ಪುದೀನ ಮಿಠಾಯಿ ಚೀಪುತ್ತಾನೆಂದರೆ ಮುಂದಿನದು ಹೇಳಬೇಕಿಲ್ಲ. ಅವನು ಬಣ್ಣದ ಪತ್ರಿಕೆಗಳನ್ನು ತರಿಸಿ, ಅದರಲ್ಲಿನ ಮಾತುಗಳನ್ನು ಬಾಯಿಪಾಠ ಮಾಡಿದ್ದ. ಒಂದು ದಮ್ಮು ಎಳೆದು, ಕಣ್ಣು ಮುಚ್ಚಿ, ಚಾವಣಿಗೆ ಮುಖ ಮಾಡಿ ಹೇಳುವನು: "ತೇವದ ಮಣ್ಣು. ಹಳೇ ಚರ್ಮ. ಕೊನೆಯಲ್ಲಿ ಸ್ವಲ್ಪ ಚೆರ್ರಿ."

ಒಂದು ದಿನ ಯೊಕಾಸ್ತ ವಿಂಗಡಿಸುತ್ತಿದ್ದ ಎಲೆಯನ್ನು ಮಡಿಲಲ್ಲಿಟ್ಟು ಕೇಳಿದಳು:

"ದೋನ್ ರಾದಾಮೆಸ್, ತಪ್ಪು ತಿಳ್ಕೋಬೇಡಿ. ಚೆರ್ರಿ ಎಲ್ಲಿ ತಿಂದಿದ್ರಿ?"

"ಯಾಕೆ, ನಮ್ಮ ಮದುವೇಲಿ. ಐಸ್‌ಕ್ರೀಮ್ ಮೇಲೆ ಇಟ್ಟಿದ್ರು."

"ಅದು ಸಕ್ಕರೆ ಪಾಕದಲ್ಲಿ ಅದ್ದಿ, ಬಣ್ಣ ಹಾಕಿದ್ದು ಕಣ್ರೀ. ಆ ಡಬ್ಬಿ ನಮ್ಮ ತಂಗಿ ಅಂಗಡೀಲೂ ಇದೆ. ಹಂಗಾದ್ರೆ ನಮ್ಮ ಸಿಗಾರು ಆ ಡಬ್ಬಿ ಥರ ಇದೆ ಅಂತೀರಾ?"

"ಇದೆಲ್ಲ ನಿಮಗೆ ಅರ್ಥ ಆಗಲ್ಲ ದೋನ್ಯಾ. ಇದಕ್ಕೆ ಕಲ್ಪನೆ ಬೇಕು."

"ಅದು ಬೇಕು ಬಿಡಿ. ರುಚಿ ಗೊತ್ತಿಲ್ದೋರಿಗೆ ಬೇಕೇ ಬೇಕಾಗುತ್ತೆ."

ನಲವತ್ತು ಜನ ಒಟ್ಟಿಗೆ ಕೆಮ್ಮಿದರು. ನಗು ತಡೆಯಲು ಸುತ್ತುವವರಿಗೆ ಅದೊಂದೇ ದಾರಿ. ರಾದಾಮೆಸ್‌ಗೆ ಅವತ್ತಿನಿಂದ ಚೆರ್ರಿ ಎಂದೇ ಹೆಸರು ಬಿತ್ತು.

ಆ ಗದ್ದಲದ ನಡುವೆ ಹುಟ್ಟಿದ್ದು ಈ ಕಥೆಯ ಚೂರು ಸೊಪ್ಪಿನ ಸಿಗಾರುಗಳು. ದೊಡ್ಡ ಸಿಗಾರಿಗೆ ಎಲೆ ಕತ್ತರಿಸಿ ಉಳಿದ ಚೂರುಗಳನ್ನು ಒಟ್ಟು ಮಾಡಿ, ಮೇಲೊಂದು ಸಾಧಾರಣ ಎಲೆ ಹೊದಿಸಿ ಸುತ್ತುವ ಅಗ್ಗದ ಸಿಗಾರ್. ಉಂಗುರವಿಲ್ಲ, ಪೆಟ್ಟಿಗೆಯಿಲ್ಲ, ಇಪ್ಪತ್ತೈದರ ಕಟ್ಟು ಕಟ್ಟಿ ಮೂಲೆಯ ಅಂಗಡಿಗೆ ಕಳಿಸುವುದು. ನಮ್ಮ ಜನ ಸೇದುವುದೇ ಅದನ್ನು. ಆ ವರ್ಷ ಹಕಾಗುವಾ ಕಡೆಯ ಒಂದು ಹೊಲದ ಸೊಪ್ಪು ಬಹಳ ಚೆನ್ನಾಗಿ ಬಂದಿತ್ತು, ಚೂರೆಲ್ಲ ಅದರದ್ದೇ. ಆದರೆ ಗುಡ್ಡೆ ಹಾಕಿದ ಸೊಪ್ಪು ತನ್ನದೇ ಕಾವಿನಲ್ಲಿ ಸರಿಯಾಗಿ ಬೇಯುವ ಮೊದಲೇ, ಅವಸರದಲ್ಲಿ, ತೆಗೆದು ತಂದಿದ್ದರು. ಸುತ್ತಿ ಮೂರು ವಾರವಾಗಿತ್ತಷ್ಟೇ. ರಾದಾಮೆಸ್ ಒಂದನ್ನು ಹಚ್ಚಿದ. ಅವನ ಕಣ್ಣಲ್ಲಿ ನೀರು ಬಂತು.

"ಕುದುರೆ ಲಾಯ. ಇದನ್ನ ನಮ್ಮ ಹೆಸರಲ್ಲಿ ಮಾರಿದ್ರೆ ಮರ್ಯಾದೆ ಹೋಗುತ್ತೆ. ಎಲ್ಲಾನೂ ತೆಗೆದು ಕೆಲಸದೋರಿಗೆ ಹಂಚಿಬಿಡಿ," ಎಂದು, ಚೀಟಿ ಬರೆದು, ಬಾಲ ಬಿಟ್ಟು ರುಜು ಹಾಕಿದ. ನೂರ ಎಂಬತ್ತು ಕಟ್ಟು. ತಿರಸ್ಕರಿಸಿದ್ದು, ಕೆಲಸಗಾರರಿಗೆ ಸೇರತಕ್ಕದ್ದು, ತಾರೀಖು, ರುಜು, ಕಾರ್ಖಾನೆಯ ಮೊಹರು.

ಕೆಲಸಗಾರರಿಗೂ ಅದು ಬೇಡವಾಗಿತ್ತು. ನಾನೇ ಒಂದು ಹಚ್ಚಿ ಎಸೆದೆ. ಆಗ ಯೊಕಾಸ್ತ ನನ್ನ ಕಡೆ ತಿರುಗಿದಳು.

"ಕೊಂಪಾದ್ರೆ, ನಿನ್ನೆ ಹುಟ್ಟಿದ ಮಗೂನ ತಂದು ನಿಲ್ಲಿಸಿ ಹಾಡು ಅಂದ್ರೆ ಅದು ಅಳದೆ ಇನ್ನೇನು ಮಾಡುತ್ತೆ?"

"ನಾರುತ್ತೆ ಕೊಮಾದ್ರೆ. ಮಗು ಹಾಡೋದು ಹೋಗ್ಲಿ, ಬಟ್ಟೆ ಬದಲಾಯಿಸಬೇಕು."

"ಬದಲಾಯಿಸೋದಲ್ಲ, ಮಲಗಿಸಬೇಕು. ನಿಮಗೆ ಯಾರಿಗೂ ಬೇಡ ತಾನೆ? ನಂಗೆ ಬಿಟ್ಟುಬಿಡಿ. ಆಮೇಲೆ ಚೆನ್ನಾಗಾದ್ರೆ ಹಲ್ಲು ಕಿರೀತಾ ಬಂದು ಪಾಲು ಕೇಳ್ತೀರಿ, ಅದೂ ಗೊತ್ತು. ಕೊಡ್ತೀನಿ."

ಎಲ್ಲರೂ ನಗುತ್ತ ಬಿಟ್ಟುಕೊಟ್ಟರು. ಅವಳು ಆ ಚೀಟಿಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಕಾರ್ಖಾನೆಯ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆಯಿತ್ತು. ಹಳೆಯ ಸೀಡರ್ ಹಲಗೆಯ ಕಪಾಟು ಅಲ್ಲೇ ಬಿದ್ದಿತ್ತು. ಅವಳು ಅದನ್ನು ಉಜ್ಜಿ, ಕಟ್ಟುಗಳನ್ನು ತಾಳೆಯ ಹಾಳೆಯಲ್ಲಿ ಸುತ್ತಿ ಜೋಡಿಸಿ, ಕೆಳಗೆ ಎರಡು ಬೋಗುಣಿ ನೀರಿಟ್ಟಳು. ತಿಂಗಳಿಗೊಮ್ಮೆ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಮಳೆಗಾಲದಲ್ಲಿ ಬೋಗುಣಿ ತೆಗೆಯುವಳು, ಒಣಗಾಳಿಯಲ್ಲಿ ತುಂಬುವಳು. ಯಂತ್ರವಿಲ್ಲ, ತೇವ ಅಳೆಯುವ ಮುಳ್ಳಿನ ಮಾಪಕವಿಲ್ಲ; ಹಾಳೆಯನ್ನು ಬೆರಳಲ್ಲಿ ಮಡಚಿ ನೋಡಿದರೆ ಅವಳಿಗೆ ಕೋಣೆಯ ತೇವ ಗೊತ್ತಾಗುತ್ತಿತ್ತು.

ವರ್ಷಕ್ಕೊಂದು ಸಲ, ಜನವರಿಯಲ್ಲಿ ಬರುವ ಮೂರು ರಾಜರ ಹಬ್ಬದ ದಿನ ಚರ್ಚಿನ ಪೂಜೆ ಮುಗಿಸಿ ಬಂದು, ಒಂದನ್ನು ತೆಗೆದು ಸೇದುತ್ತಿದ್ದಳು. ಸಾಕ್ಷಿಗೆ ನನ್ನನ್ನು ಕರೆಯುತ್ತಿದ್ದಳು. ನನಗೂ ಒಂದು ಕೊಡುತ್ತಿದ್ದಳು, ಅಭಿಪ್ರಾಯ ಕೇಳುತ್ತಿರಲಿಲ್ಲ.

ಮೊದಲ ವರ್ಷ ನಾಲ್ಕು ದಮ್ಮಿಗೆ ಇಟ್ಟುಬಿಟ್ಟಳು. "ಬೈಗುಳ ನಿಲ್ಲಿಸಿದೆ. ಮಾತು ಬಂದಿಲ್ಲ."

ಎರಡನೆಯ ವರ್ಷ ನನಗೆ ಚೆನ್ನಾಗಿದೆ ಎನಿಸಿತು. ಹಾಗೆಂದೆ.

"ನಿಂಗೆ ಚೆನ್ನಾಗೇ ಅನ್ಸುತ್ತೆ. ನಿಮ್ಮತ್ತೆ ಮಾಡೋ ಕಾಫೀನೂ ಚೆನ್ನಾಗಿದೆ ಅಂತೀಯ. ನಾಲಗೆ ತುದೀಲಿ ಚುಚ್ಚುತ್ತೆ ನೋಡು. ಸಿಹಿ ಇದ್ದಂಗೆ ನಟನೆ ಮಾಡ್ತಿದೆ, ಒಳಗೆ ಇನ್ನೂ ಖಾರ."

ಮೂರನೆಯ ವರ್ಷ ಸೇದುವ ಪಾಡೇ ಇರಲಿಲ್ಲ. ಅಷ್ಟು ಹೊತ್ತಿಗೆ ಹುಚ್ಚು ಇಳಿದಿತ್ತು. ಅಮೆರಿಕದವರು ಕೈ ಎತ್ತಿದರು. ಕ್ಷೌರಿಕ ಮತ್ತೆ ಕತ್ತರಿ ಹಿಡಿದ, ಶವಪೆಟ್ಟಿಗೆಯವನು ಮೂಲ ಕಸುಬಿಗೆ ಮರಳಿದ. ಅವನ ಪೆಟ್ಟಿಗೆಯಿಂದ ಸತ್ತವರಿಗೆ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು ಎನ್ನುತ್ತಿದ್ದರು. ದೋನ್ ಫೌಸ್ತೊ ಅವರ ಉಗ್ರಾಣದಲ್ಲಿ ಚಿನ್ನದುಂಗುರದ ಸಿಗಾರುಗಳು ಮೇಲ್ಛಾವಣಿವರೆಗೆ ಪೇರಿಕೊಂಡು ನಿಂತವು. ಅವಕ್ಕೆ ಹುಳ ಬಿತ್ತು. ಸಾಸಿವೆಯಷ್ಟು ಕಂದು ಹುಳ, ಸಿಗಾರನ್ನು ಕೊಳಲು ಮಾಡಿಬಿಡುತ್ತದೆ. ಉಗ್ರಾಣದ ಮುಂದೆ ಹಾಯುವಾಗಲೇ ಯೊಕಾಸ್ತಳ ಮೂಗಿಗೆ ತಿಳಿಯಿತು. ದೋನ್ ಫೌಸ್ತೊ ಅವರಿಗೆ ಹೇಳಿದಳು. ರಾದಾಮೆಸ್, "ಇದು ಎಲೆಯ ಪುಡಿ, ಹುಳ ಅಲ್ಲ" ಎಂದು ವಾದಿಸಿದ. ವಾದ ನಡೆಯುತ್ತಿರುವಾಗ ಒಂದು ಹುಳ ಅವನ ಬಿಳಿ ಅಂಗಿಯ ಕಾಲರಿನ ಮೇಲೆ ನಡೆದುಹೋಯಿತು.

ಯೊಕಾಸ್ತ ಅವರ ತೀರ್ಮಾನಕ್ಕೆ ಕಾಯಲಿಲ್ಲ. ತನ್ನ ಕಟ್ಟುಗಳನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ನನ್ನ ಕೈಲಿ ಹೊರಿಸಿಕೊಂಡು, ಚೌಕದ ಹತ್ತಿರ ಐಸ್‌ಕ್ರೀಮ್ ಮಾರುವ ಪೆರ್ಸಿಯೊನ ಅಂಗಡಿಗೆ ಹೋದಳು. ಅವನ ದೊಡ್ಡ ಮಂಜಿನ ಪೆಟ್ಟಿಗೆಯಲ್ಲಿ ಸರದಿಯ ಮೇಲೆ ಮೂರು ಮೂರು ದಿನ ಇಟ್ಟರೆ ಹುಳದ ಮೊಟ್ಟೆಯೂ ಸಾಯುತ್ತದೆ.

"ನನ್ನ ತೆಂಗಿನಕಾಯಿ ಐಸ್‌ಕ್ರೀಮಿಗೆ ವಾಸನೆ ಹಿಡಿದ್ರೆ?" ಎಂದ ಪೆರ್ಸಿಯೊ.

"ಹಿಡೀಲಿ. ಇಷ್ಟು ವರ್ಷ ಅದಕ್ಕೆ ವಾಸನೇನೇ ಇರ್ಲಿಲ್ಲ," ಎಂದಳು.

ಅವನು ನಕ್ಕು ಜಾಗ ಕೊಟ್ಟ. ಆ ತಿಂಗಳು ಆ ಐಸ್‌ಕ್ರೀಮ್ ತಿಂದ ಮಕ್ಕಳು ಮುಖ ಸಿಂಡರಿಸುತ್ತಿದ್ದುದು ನಿಜ. ಆದರೆ ಸಿಗಾರುಗಳು ಉಳಿದವು. ದೋನ್ ಫೌಸ್ತೊ ಅವರ ಅರ್ಧ ಉಗ್ರಾಣವನ್ನು ಊರಾಚೆ ಸುಟ್ಟರು.

ಐದನೆಯ ವರ್ಷ ಹಬ್ಬದ ದಿನ ಅವಳು ಅರ್ಧ ಸೇದಿದಳು, ಮಾತಾಡಲಿಲ್ಲ. ಮುಕ್ಕಾಲು ಸೇದಿದಳು. ನಾನು ಕಾಯುತ್ತಲೇ ಇದ್ದೆ. ಕೊನೆಗೆ ಇಟ್ಟು, ನೀರು ಕುಡಿದಳು.

"ಹೂಂ," ಎಂದಳು.

"ಹೂಂ ಅಂದ್ರೆ?"

"ಹೂಂ ಅಂದ್ರೆ ಹೂಂ. ಇನ್ನೇನು, ಕುಣೀಬೇಕಾ?"

ಆ ವರ್ಷದಿಂದ ದಿನಾ ಮಧ್ಯಾಹ್ನ ಬಾಗಿಲಲ್ಲಿ ಅವಳು ಸೇದುತ್ತಿದ್ದುದು ಅದನ್ನೇ.

ಮಾರನೇ ವರ್ಷ ಹಾಲೆಂಡಿನಿಂದ ವಿಲೆಮ್ ಎಂಬ ವ್ಯಾಪಾರಿ ಬಂದ. ಕೆಂಪು ಮುಖ, ದೊಡ್ಡ ಹೊಟ್ಟೆ, ಮುರುಕು ಸ್ಪ್ಯಾನಿಷ್. ಅವನ ಊರಲ್ಲಿ ಮೀನುಗಾರರೂ ಟ್ರಾಮ್ ಓಡಿಸುವವರೂ ಸಿಗಾರ್ ಸೇದುತ್ತಾರಂತೆ, ಅವರ ಕೈಗೆಟುಕುವ ಬೆಲೆಯ, ಆದರೆ ಚೆನ್ನಾಗಿ ಹಳತಾದ ಸಿಗಾರ್ ಬೇಕಾಗಿತ್ತಂತೆ. ದೋನ್ ಫೌಸ್ತೊ ಅವರ ಬಳಿ ಹಳತು ಎನ್ನಲು ಉಳಿದಿದ್ದದ್ದು ಹುಳ ತಿನ್ನದೆ ಬಿಟ್ಟ ಚಿನ್ನದುಂಗುರದವು. ಅವುಗಳನ್ನೇ ತೋರಿಸುವುದೆಂದು ರಾದಾಮೆಸ್ ಮೇಜು ಹಾಸಿದ. ಬಿಳಿ ಬಟ್ಟೆ, ಗಾಜಿನ ಲೋಟ, ಒಂದು ಗುಲಾಬಿ ಹೂ. ಗುಲಾಬಿ ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ವಿಲೆಮ್ ಬಂದದ್ದು ಮಧ್ಯಾಹ್ನ, ಊಟವಾದ ಮೇಲೆ. ಬಾಗಿಲಲ್ಲಿ ಯೊಕಾಸ್ತ ಕೂತಿದ್ದಳು. ಅವನು ಅವಳನ್ನು ದಾಟಿ ಎರಡು ಹೆಜ್ಜೆ ಹೋದವನು ಹಾಗೇ ಹಿಂದಕ್ಕೆ ಬಂದ.

"ಸೆನ್ಯೋರಾ, ಇದು ಯಾವುದು?"

"ಚೂರು ಸೊಪ್ಪಿಂದು."

"ನನಗೆ ಒಂದು ಕೊಡ್ತೀರಾ?"

ಅವಳು ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿ, ಏಪ್ರನ್ನಿನ ಜೇಬಿನಿಂದ ಒಂದನ್ನು ತೆಗೆದು ಕೊಟ್ಟಳು. ಅವನು ಅದನ್ನು ಹಿಡಿದೇ ಒಳಗೆ ಹೋಗಿ ಮೇಜಿನ ಮುಂದೆ ಕೂತ. ಅವನು ಬುದ್ಧಿವಂತನೋ ಕಿಡಿಗೇಡಿಯೋ ಹೇಳಲಾರೆ. ರಾದಾಮೆಸ್ ನೀರು ತರಲು ಹೋಗಿದ್ದಾಗ ತಟ್ಟೆಯಲ್ಲಿದ್ದ ಚಿನ್ನದ ಸಿಗಾರುಗಳಲ್ಲಿ ಎರಡರ ಉಂಗುರ ಕಿತ್ತು ಜೇಬಿಗೆ ಹಾಕಿಕೊಂಡು, ಯೊಕಾಸ್ತ ಕೊಟ್ಟದ್ದನ್ನೂ ಜೊತೆಗಿಟ್ಟ. ಮೂರೂ ಬೋಳು. ರಾದಾಮೆಸ್ ಬಂದಾಗ ಹೇಳಿದ:

"ನೀವು ದೊಡ್ಡ ರುಚಿಗಾರರು ಅಂತ ಕೇಳಿದೀನಿ. ಮೊದಲು ನೀವು ಸೇದಿ ಹೇಳಿ, ನಾನು ಕಲೀತೀನಿ."

ದೋನ್ ಫೌಸ್ತೊ ಹೆಮ್ಮೆಯಿಂದ ಕುರ್ಚಿ ಎಳೆದುಕೊಂಡರು. ನಾವು ಸುತ್ತುವುದನ್ನು ನಿಲ್ಲಿಸಿರಲಿಲ್ಲ, ಆದರೆ ಚೂರಿಗಳ ಸದ್ದು ಮಾತ್ರ ಕಮ್ಮಿಯಾಗಿತ್ತು. ರಾದಾಮೆಸ್ ಬಾಯಲ್ಲಿದ್ದ ಮಿಠಾಯಿಯನ್ನು ಕೆನ್ನೆಗೆ ಸರಿಸಿ ಮೊದಲನೆಯದನ್ನು ಹಚ್ಚಿದ. ಮುಖ ಹುಳ್ಳಗೆ ಮಾಡಿದ.

"ಇದು ನಮ್ಮ ಕೂಲಿಯೋರು ಸೇದೋ ಚುಟ್ಟ. ಇದು ಯಾಕೆ ಬಂತು ಇಲ್ಲಿಗೆ? ಒರಟು. ಕಹಿ."

ಅದು ಅವನೇ ಮೂರು ಪುಟ ಹೊಗಳಿ ಬರೆದ, ಮುತ್ತಜ್ಜನ ಚಿತ್ರದ ಸಿಗಾರ್. ಎರಡನೆಯದನ್ನೂ ಹಾಗೇ ತಳ್ಳಿದ. ಮೂರನೆಯದಕ್ಕೆ ಅವನ ಕಣ್ಣು ಮುಚ್ಚಿದವು, ಮುಖ ಚಾವಣಿಗೆ ಹೋಯಿತು.

"ಹಾ, ಇದು. ಇದು ಬೇರೇನೇ. ಹನ್ನೆರಡು ವರ್ಷದ ಸೊಪ್ಪು, ಒಂದೇ ಗಿಡದ ನೆತ್ತಿ ಎಲೆ. ಹಳೇ ಗ್ರಂಥಾಲಯ. ಸುಟ್ಟ ಬಾದಾಮಿ. ರಾಜಮನೆತನದ ಕುದುರೆ ಜೀನು. ಇದು ನಮ್ಮ ಮನೆತನದ ಗೌರವ ಸ್ವಾಮಿ, ಇದನ್ನ ನಾವು ಎಲ್ಲರಿಗೂ ಕೊಡಲ್ಲ."

ನನ್ನ ಪಕ್ಕದ ಮೇಜಿನವನು ಕೆಮ್ಮಲು ಹೋಗಿ ಕೆಮ್ಮಲಾಗದೆ, ಮೇಜಿನ ಕೆಳಗೆ ತಲೆ ಹಾಕಿದ. ವಿಲೆಮ್ ತಾನೂ ಒಂದು ದಮ್ಮು ಎಳೆದು, ದೋನ್ ಫೌಸ್ತೊ ಅವರ ಕಡೆ ತಿರುಗಿ, ಇದು ಎಷ್ಟಿದೆ, ಬೆಲೆ ಏನು ಎಂದ. ದೋನ್ ಫೌಸ್ತೊ ಅವರಿಗೆ ಅದು ಯಾವ ಸಿಗಾರೆಂದೇ ತಿಳಿದಿರಲಿಲ್ಲ. ತಿಳಿಯದಿದ್ದರೂ ಬೆಲೆ ಮಾತ್ರ ತಟ್ಟನೆ ಬಂತು, ಅದೂ ಚಿನ್ನದುಂಗುರದವುಗಳ ಎರಡರಷ್ಟು.

ಯೊಕಾಸ್ತ ಎದ್ದು ಬಂದಳು. ಕೈಗೆ ಅಂಟಿದ್ದ ಎಲೆಯ ಪುಡಿಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ದೋನ್ ಫೌಸ್ತೊ, ಅದು ನಿಮ್ಮದಲ್ಲ."

"ಏನಂದೆ?"

"ಅದು ಹಿಂದಿನ ಕೋಣೇದು. ದೋನ್ ರಾದಾಮೆಸ್ ಕುದುರೆ ಲಾಯ ಅಂದ್ರಲ್ಲ, ಅದು. ಈಗ ಕುದುರೆ ಹೋಗಿ ಬರೀ ಜೀನು ಉಳಿದಿದೆ ಅಂತಿದಾರೆ, ಸಂತೋಷ." ಮಡಿಕೆಗಳಲ್ಲಿ ಹರಿದು, ಟೇಪು ಅಂಟಿಸಿದ್ದ ಚೀಟಿಯನ್ನು ಗುಲಾಬಿಯ ಪಕ್ಕದಲ್ಲಿ ಇಟ್ಟಳು.

ದೋನ್ ಫೌಸ್ತೊ ಓದಿದರು. ಬಾಮೈದನ ರುಜುವಿನ ಬಾಲವನ್ನು ಬಹಳ ಹೊತ್ತು ನೋಡಿದರು. ರಾದಾಮೆಸ್ ಕೈಯಲ್ಲಿದ್ದ ಸಿಗಾರನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ಇದ್ದ, ಅದು ಸುಮ್ಮನೆ ಉರಿಯುತ್ತಿತ್ತು.

"ಸೊಪ್ಪು ನನ್ನದು, ಸೂರು ನನ್ನದು," ಎಂದರು ದೋನ್ ಫೌಸ್ತೊ.

"ನಿಮ್ಮ ಸೊಪ್ಪು ಕಸ ಅಂತ ನಿಮ್ಮ ಮನೆಯೋರೇ ಮೊಹರು ಹಾಕಿದಾರೆ. ಸೂರಿಗೆ ಬಾಡಿಗೆ ಬೇಕಾದ್ರೆ ಹೇಳಿ. ಉಗ್ರಾಣಕ್ಕೆ ಹುಳ ಬಿದ್ದಿದೆ ಅಂತ ಮೊದಲು ಬಂದು ಹೇಳ್ದೋಳು ನಾನು. ಆ ಕೂಲೀಲಿ ಮುರ್ಕೊಳ್ಳಿ."

ಅವರು ಚೀಟಿಯನ್ನು ಮಡಿಸಿ ಮತ್ತೆ ಗುಲಾಬಿಯ ಪಕ್ಕ ಇಟ್ಟರು. ಅವರು ಕೆಟ್ಟವರಲ್ಲ, ನಾಚಿಕೆ ಇನ್ನೂ ಉಳಿದಿದ್ದವರು; ನಲವತ್ತು ಜನರ ಎದುರು ಆ ಚೀಟಿಯನ್ನು ಹರಿಯುವ ಮನುಷ್ಯರಲ್ಲ.

ವಿಲೆಮ್‌ಗೆ ಇದೆಲ್ಲ ಅರ್ಧ ತಿಳಿಯಿತು, ಅರ್ಧ ಬಿಟ್ಟುಹೋಯಿತು. ಅವನು ಉತ್ಸಾಹದಲ್ಲಿ ಯೊಕಾಸ್ತಳ ಕೈ ಕುಲುಕಿ, "ಸೆನ್ಯೋರಾ, ಇದು ಅದ್ಭುತ. ಇಂಥದ್ದು ನಾನು ಸೇದೇ ಇಲ್ಲ," ಎಂದು ಶುರು ಮಾಡಿದ. ಅವಳು ಕೈ ಬಿಡಿಸಿಕೊಂಡಳು.

"ನೀವೂ ಶುರು ಮಾಡಬೇಡಿ. ಇಲ್ಲಿ ಕೇಳಿ. ಇದು ಚೂರು ಸೊಪ್ಪಿನ ಸಿಗಾರು. ಬೂದಿ ನಿಲ್ಲಲ್ಲ, ಅಂಗಿ ಮೇಲೆ ಬೀಳುತ್ತೆ, ಒಳ್ಳೆ ಅಂಗಿ ಹಾಕ್ಕೊಂಡು ಸೇದಬೇಡಿ. ಮೊದಲು ಒಣ ಹುಲ್ಲಿನಂಗೆ ಇರುತ್ತೆ, ಏನೂ ಇಲ್ಲ ಅನ್ಸುತ್ತೆ. ನಡುಮಧ್ಯೆ ಹುರಿದ ಕಡಲೆಕಾಯಿ, ಸ್ವಲ್ಪ ಬೆಲ್ಲದ ಅಂಟು. ಅದು ನಿಜವಾಗ್ಲೂ ಚೆನ್ನಾಗಿದೆ. ಮೂರನೇ ಪಾಲಿಗೆ ಬಿಸಿಯಾಗಿ ಕಹಿ ಬರುತ್ತೆ. ಬೆರಳಿಗೆ ಬಿಸಿ ತಾಗಿದ್ರೆ ಬಿಸಾಕಿ, ಜಿಪುಣತನ ಮಾಡಬೇಡಿ. ಆರು ವರ್ಷ ಮಲಗಿದೆ. ಇನ್ನು ಎರಡು ವರ್ಷ ಹಿಂಗೇ ಇರುತ್ತೆ, ಆಮೇಲೆ ಇಳಿಯುತ್ತೆ. ಇದಿಷ್ಟೇ. ಇದಕ್ಕಿಂತ ಒಂದು ಮಾತು ಹೆಚ್ಚು ಹೇಳಿದೋರು ಸುಳ್ಳುಗಾರರು."

ಅವಳ ಬಾಯಿಂದ ಅಷ್ಟು ಮಾತು ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬೇರೆ ಯಾರೂ ಆ ಸಿಗಾರಿನ ಬಗ್ಗೆ ಅದಕ್ಕಿಂತ ನಿಜವಾದದ್ದನ್ನು ಆಮೇಲೂ ಹೇಳಲಿಲ್ಲ.

ವಿಲೆಮ್, ದೋನ್ ಫೌಸ್ತೊ ಹೇಳಿದ ಬೆಲೆಯನ್ನೇ ಕೊಡುತ್ತೇನೆ ಎಂದ. ನಮ್ಮ ಚೂರಿಗಳು ನಿಂತವು. ಅದರಲ್ಲಿ ನಮಗೂ ಪಾಲಿತ್ತು. ನಾನು ಕಣ್ಣಲ್ಲೇ ಸನ್ನೆ ಮಾಡಿದೆ, ಹಿಂದಿನಿಂದ ಯಾರೋ "ಒಪ್ಕೊಳ್ಳಿ ದೋನ್ಯಾ" ಎಂದು ಪಿಸುಗುಟ್ಟಿದರು. ಅವಳು ಮೂಲೆಯ ಅಂಗಡಿಯ ಬೆಲೆಗಿಂತ ಕೊಂಚ ಮೇಲೆ ಒಂದು ಬೆಲೆ ಹೇಳಿದಳು, ಒಂದು ಕಾಸೂ ಹೆಚ್ಚಿಲ್ಲ.

"ಯಾಕೆ?" ಎಂದ ವಿಲೆಮ್, ಬೆರಗಾಗಿ.

"ಆ ಬೆಲೆಗೆ ಕೊಂಡೋನು ಅದರೊಳಗೆ ಚೆರ್ರಿ ಹುಡುಕ್ತಾನೆ. ಸಿಗದಿದ್ರೆ ನನ್ನ ಬೈತಾನೆ. ಈ ಬೆಲೆಗೆ ಕೊಂಡೋನು ಸುಮ್ನೆ ಸೇದ್ತಾನೆ."

ಅವಳು ಧರ್ಮಾತ್ಮಳೆಂದು ಯಾರೂ ತಿಳಿಯಬಾರದು. ದುಡ್ಡಿನ ಮೇಲೆ ಅವಳಿಗೆ ಎಲ್ಲರಷ್ಟೇ ಆಸೆಯಿತ್ತು. ಆದರೆ ದಡ್ಡರಿಂದ ಹೊಗಳಿಸಿಕೊಳ್ಳುವುದೆಂದರೆ ಅವಳಿಗೆ ಹಲ್ಲುನೋವಿಗಿಂತ ಕಡೆ. ನೂರು ಕಟ್ಟು ಹಾಲೆಂಡಿಗೆ ಹೋಯಿತು. ನಮಗೆ ತಲೆಗೊಂದು ಕಟ್ಟು ಬಿಟ್ಟು, ಉಳಿದದ್ದು ನಮ್ಮೂರ ಅಂಗಡಿಗೆ. ಪಾಲು ಎಲ್ಲರಿಗೂ ಬಂತು, ಅವಳು ಮುಂಚೆಯೇ ಹೇಳಿದ್ದ ಹಾಗೆ ಹಲ್ಲು ಕಿರಿಯುತ್ತ ತೆಗೆದುಕೊಂಡೆವು. ಹೆಚ್ಚು ಸಿಗಬಹುದಿತ್ತು ಎಂದು ಬೆನ್ನ ಹಿಂದೆ ಗೊಣಗಿದವರಲ್ಲಿ ನಾನೂ ಒಬ್ಬ. ಸುಳ್ಳು ಯಾಕೆ ಹೇಳಲಿ.

ಕೆಲವು ತಿಂಗಳಾದ ಮೇಲೆ ವಿಲೆಮ್ ತನ್ನ ಅಂಗಡಿಯ ಕರಪತ್ರ ಕಳಿಸಿದ. ಅದರಲ್ಲಿ ದೊಡ್ಡ ಹುಲ್ಲಿನ ಟೋಪಿ ಹಾಕಿ, ಕಿವಿಗೆ ದಾಸವಾಳ ಸಿಕ್ಕಿಸಿಕೊಂಡ ಒಬ್ಬ ಚೆಲುವೆಯ ಚಿತ್ರ. ಕೆಳಗೆ ಬರೆದದ್ದನ್ನು ಆ ಭಾಷೆ ಬಲ್ಲ ನಮ್ಮ ಪಾದ್ರಿಗಳಿಂದ ಓದಿಸಿದೆವು: ಬೆಟ್ಟದ ಹಳ್ಳಿಯ ಒಬ್ಬ ಅಜ್ಜಿ ತಲೆಮಾರುಗಳ ರಹಸ್ಯ ವಿದ್ಯೆಯಿಂದ ಹುಣ್ಣಿಮೆಯ ಬೆಳಕಿನಲ್ಲಿ ಹದ ಮಾಡಿದ್ದು. ಯೊಕಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಕಿಟಕಿ ಇಲ್ಲದ ಕೋಣೇಲಿ ಹುಣ್ಣಿಮೆ ಎಲ್ಲಿಂದ ಬಂತು? ಇವನೂ ಅದೇ ಜಾತಿ," ಎಂದು, ಅದರಲ್ಲಿ ಒಣಮೀನು ಕಟ್ಟಿಕೊಂಡು ಮನೆಗೆ ಹೋದಳು.

ರಾದಾಮೆಸ್ ಆ ದಿನದ ನಂತರ ಒಂದು ವಾರ ಬರಲಿಲ್ಲ. ಬಂದಾಗ ಬಿಳಿ ಅಂಗಿ ಇರಲಿಲ್ಲ. ಒಂದು ಮಧ್ಯಾಹ್ನ ಬಾಗಿಲಲ್ಲಿ ಅವಳ ಪಕ್ಕ ನಿಂತುಕೊಂಡು, ಬಹಳ ಹೊತ್ತು ಕಾಲು ಬದಲಾಯಿಸಿ, "ದೋನ್ಯಾ ಯೊಕಾಸ್ತ, ನನಗೆ ಹೇಳಿಕೊಡ್ತೀರಾ?" ಎಂದ. ನಾನು ಅಲ್ಲೇ ಇದ್ದೆ. ನಗಬೇಕೆನಿಸಿತು. ಆದರೆ ಅವನ ಮುಖ ನಗುವ ಹಾಗಿರಲಿಲ್ಲ. ಐವತ್ತರ ಗಂಡಸು, ಅಕ್ಕನ ಗಂಡನ ಅನ್ನ.

"ಮೊದಲು ಆ ಮಿಠಾಯಿ ಉಗಿ," ಎಂದಳು. ಅವನನ್ನು ನೀವು ಎನ್ನುವುದನ್ನು ಅವಳು ಬಿಟ್ಟದ್ದು ಅವತ್ತೇ.

ಅವನಿಗೆ ಹಸಿ ಸೊಪ್ಪು ಅಗಿಯಲು ಕೊಟ್ಟಳು, ವಾಂತಿ ಮಾಡಿಕೊಂಡ. ಮಾರನೆಯ ದಿನ ಮತ್ತೆ ಕೊಟ್ಟಳು. ಒಂದು ತಿಂಗಳು ಸಿಗಾರೇ ಕೊಡದೆ ಬರೀ ಎಲೆ ಮೂಸಿಸಿದಳು. ಆಮೇಲೆ ಎರಡು ವರ್ಷ ದಿನಾ ಮಧ್ಯಾಹ್ನ ಇಬ್ಬರೂ ಬಾಗಿಲಲ್ಲಿ ಕೂತಿರುತ್ತಿದ್ದರು. ಅವನು ಬಾಯಿ ತೆರೆದರೆ ಸಾಕು, "ಮುಚ್ಚು, ಇನ್ನೂ ಅರ್ಧ ಆಗಿಲ್ಲ," ಎನ್ನುವಳು. ಅವನಿಗೆ ವಿದ್ಯೆ ಹತ್ತಿತೇ? ಅಷ್ಟಕ್ಕಷ್ಟೆ. ಕೆಟ್ಟದ್ದು ಯಾವುದೆಂದು ಗುರುತಿಸುವುದನ್ನು ಕಲಿತ. ಒಳ್ಳೆಯದು ಯಾಕೆ ಒಳ್ಳೆಯದೆಂದು ಕೊನೆವರೆಗೂ ತಿಳಿಯಲಿಲ್ಲ. ಆದರೆ ಹಾಗೆಂದು ಒಪ್ಪಿಕೊಳ್ಳುತ್ತಿದ್ದ. ಅವನ ಬಗ್ಗೆ ಕೇಳಿದಾಗ ಯೊಕಾಸ್ತ ಒಂದು ಸಲ ಹೇಳಿದಳು: "ಈಗ ಪರವಾಗಿಲ್ಲ. ಗೊತ್ತಿಲ್ಲ ಅನ್ನೋಕೆ ಬರುತ್ತೆ." ನಾನು ಕೇಳಿದ ಮೂರನೆಯ ಒಳ್ಳೆಯ ಮಾತು ಅದು.

ಮಂಡಿ ನೋವು ಹೆಚ್ಚಾದ ಮೇಲೆ ಅವಳು ಕೆಲಸ ಬಿಟ್ಟು ಲಿಸೇ ಊರಿನಲ್ಲಿದ್ದ ತಂಗಿಯ ಮನೆಗೆ ಹೋದಳು. ನಾನು ವರ್ಷಕ್ಕೆರಡು ಸಲ ಹೋಗಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಒಂದು ದೊಡ್ಡಸ್ತಿಕೆ ಮಾಡಿದೆ. ಆ ಚೂರು ಸೊಪ್ಪಿನ ಸಿಗಾರುಗಳಲ್ಲಿ ನನ್ನ ಪಾಲಿಗೆ ಬಂದಿದ್ದ ಒಂದು ಕಟ್ಟನ್ನು ಯಾರಿಗೂ ಹೇಳದೆ ಹನ್ನೊಂದು ವರ್ಷ ಮುಚ್ಚಿಟ್ಟಿದ್ದೆ. ಅವಳು ಕಲಿಸಿದ ಹಾಗೆಯೇ ಹಾಳೆಯಲ್ಲಿ ಸುತ್ತಿ, ತಿರುಗಿಸಿ, ನೀರಿಟ್ಟು. ಅವಳ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಅದನ್ನು ಮಡಿಲಲ್ಲಿ ಇಟ್ಟು ನಿಂತೆ. ಕಣ್ಣಲ್ಲಿ ನೀರು ಬರಬಹುದೆಂದು ಆಸೆಪಟ್ಟಿದ್ದೆ.

ಅವಳು ಒಂದನ್ನು ತೆಗೆದು ಒತ್ತಿದಳು. ಮೂಸಿದಳು. ಹಚ್ಚಿ, ಮೊದಲ ದಮ್ಮು ಉಗುಳಿ, ಎರಡು ದಮ್ಮು ಎಳೆದು, ಹೂವಿನ ಕುಂಡದ ಅಂಚಿಗೆ ಇಟ್ಟುಬಿಟ್ಟಳು.

"ಸತ್ತು ಎಷ್ಟೋ ವರ್ಷ ಆಗಿದೆ ಕೊಂಪಾದ್ರೆ. ಬರೀ ಕಾಗದ. ಎರಡು ವರ್ಷ ಅಂತ ನಿನ್ನ ಎದುರಿಗೇ ಹೇಳಿದ್ನಲ್ಲ, ಕಿವಿ ಎಲ್ಲಿತ್ತು?"

"ಹಳೇದಾದಷ್ಟೂ ಚೆನ್ನಾಗಿರುತ್ತೆ ಅಂದ್ಕೊಂಡೆ."

"ಹಂಗಿದ್ರೆ ನಾನೂ ಚೆನ್ನಾಗಿರಬೇಕಿತ್ತು. ಸೇದೋ ವಸ್ತು ಸೇದಬೇಕು ಕಣೋ. ಇಪ್ಪತ್ತೈದು ಜನ ಖುಷಿಯಾಗಿ ಸೇದ್ತಿದ್ದದ್ದನ್ನ ಹಾಳು ಮಾಡಿದೆ. ಕಾಫಿ ಮಾಡಿದಾಳೆ ತಂಗಿ, ಕುಡಿ."

ಕಾಫಿ ಕುಡಿದೆ. ಹೊರಡುವಾಗ ಆ ಕಟ್ಟನ್ನು ತೆಗೆದುಕೊಂಡು ಹೋಗು ಎಂದು ಕೈಗೆ ಕೊಟ್ಟಳು. ಬಸ್ಸು ನಿಲ್ಲುವ ಕಡೆ ಮರದಡಿ ನಾಲ್ಕು ಮುದುಕರು ಡಾಮಿನೊ ಆಡುತ್ತಿದ್ದರು. ಅವರಿಗೆ ಕೊಟ್ಟೆ. ಒಬ್ಬ ಹಚ್ಚಿ, ಒಂದು ದಮ್ಮು ಎಳೆದು, "ಒಳ್ಳೆ ಸಿಗಾರು," ಎಂದ. ನಾನು ಬಸ್ಸು ಹತ್ತಿದೆ.